ನಂಜಪ್ಪನ ಬೆರಳು, ಬೋರೇಗೌಡನ ಬಿಸಿಬಟ್ಟೆ

ಭೀಮನಿಗೆ ಗದೆಯಿತ್ತು, ಅರ್ಜುನನಿಗೆ ಬಿಲ್ಲಿತ್ತು, ಬಾಗೂರಿನ ನಂಜಪ್ಪನಿಗೆ ಬಲಗೈಯ ತೋರುಬೆರಳಿತ್ತು. ಮೊದಲಿನ ಇಬ್ಬರ ಆಯುಧಗಳನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ನಂಜಪ್ಪನ ಬೆರಳನ್ನು ಮಾತ್ರ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಾಣದವರು ಕಡಿಮೆ. ಅದು ತಮ್ಮ ಲೋಟವನ್ನು ಮುಟ್ಟದೆ ಬಿಟ್ಟಿತು ಎನ್ನುವವರು ಇನ್ನೂ ಕಡಿಮೆ.

ಆ ಬೆರಳಿನ ಕೆಲಸ ನೋಡಿದರೆ ಬಹಳ ಚಿಕ್ಕದು. ಎಲ್ಲೇ ಆಗಲಿ, ಕಾಫಿ ಕೊಟ್ಟ ಕೂಡಲೇ ನಂಜಪ್ಪ ಕುಡಿಯುತ್ತಿರಲಿಲ್ಲ. ಮೊದಲು ತನ್ನ ಲೋಟದ ಹೊಟ್ಟೆಗೆ ಬೆರಳ ತುದಿ ತಾಗಿಸುತ್ತಿದ್ದ. ಆಮೇಲೆ ಮಳೆಯ ವಿಷಯವೋ ಎಮ್ಮೆಯ ವಿಷಯವೋ ಮಾತಾಡುತ್ತಾ, ನೊಣ ಓಡಿಸುವವನ ಹಾಗೆ ಕೈಯಾಡಿಸಿ, ಪಕ್ಕದವನ ಲೋಟಕ್ಕೂ ಅದೇ ಬೆರಳನ್ನು ತಾಗಿಸುತ್ತಿದ್ದ. ಪಕ್ಕದವನದು ತಣ್ಣಗಿದ್ದರೆ ನಂಜಪ್ಪನ ಮುಖದಲ್ಲಿ ಹುಣ್ಣಿಮೆ. ತನ್ನದಕ್ಕಿಂತ ಒಂದು ಕೂದಲೆಳೆ ಬಿಸಿಯಿದ್ದರೂ ಅವತ್ತು ಅವನ ಮನೆಯಲ್ಲಿ ಯಾರೂ ಜೋರಾಗಿ ನಗುವಂತಿರಲಿಲ್ಲ.

ಇಷ್ಟು ಸಣ್ಣ ಕೆಲಸದಿಂದ ಎಷ್ಟು ದೊಡ್ಡ ಕಥೆಗಳು ಹುಟ್ಟಿದವು! ಹಾಸನದ ಒಂದು ಮದುವೆಯಲ್ಲಿ ನಂಜಪ್ಪ ಬೀಗರ ಪಂಕ್ತಿಯ ಲೋಟಗಳನ್ನೆಲ್ಲ ಸಾಲಾಗಿ ಮುಟ್ಟಿಕೊಂಡು ಹೋದಾಗ, ಗಂಡಿನ ಕಡೆಯವರು ಇವನೇ ಅಡುಗೆಯ ಮೇಸ್ತ್ರಿ ಎಂದು ತಿಳಿದು ಇನ್ನೊಂದು ಸೌಟು ಪಾಯಸ ಕೇಳಿದರಂತೆ. ಊರವರೆಲ್ಲ ವ್ಯಾನು ಮಾಡಿಕೊಂಡು ಶೆಟ್ಟಿಹಳ್ಳಿಗೆ ಹೋದಾಗ, ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಚರ್ಚನ್ನು ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ, ನಂಜಪ್ಪ ಬೆನ್ನು ತಿರುಗಿಸಿ ಯಾವುದೋ ಊರಿನ ಸಂಸಾರದ ಫ್ಲಾಸ್ಕ್ ನೋಡುತ್ತಾ ನಿಂತಿದ್ದನಂತೆ. "ಬೆಳಗ್ಗೆ ಉಯ್ದಿದ್ದಾ ತಾಯಿ? ಇನ್ನೂ ಬಿಸಿ ಐತಾ? ಒಸಿ ಮುಟ್ಟಿ ನೋಡ್ಲಾ?" ಎಂದು ಕೇಳಿದ್ದನ್ನು ಕೇಳಿಸಿಕೊಂಡವರಿದ್ದಾರೆ. ಆ ಬೆರಳು ಎಳನೀರು ಮುಟ್ಟಿದರೆ ಅದೂ ಬಿಸಿಯಾಗುತ್ತದೆ ಎನ್ನುವ ಮಾತೊಂದು ಮಾತ್ರ ಸುಳ್ಳು. ಅದನ್ನು ಹಬ್ಬಿಸಿದವರು ಹಿರೀಸಾವೆಯ ಹೋಟೆಲಿನವರು.

ನಂಜಪ್ಪನ ಕಸುಬು ತೆಂಗಿನಕಾಯಿ ವ್ಯಾಪಾರ. ತೋಟದಿಂದ ತೋಟಕ್ಕೆ ಹೋಗಿ ಕಾಯಿ ಕೊಳ್ಳುವುದು, ಅಟ್ಟದ ಮೇಲೆ ಹಾಕಿ ಕೊಬ್ಬರಿ ಮಾಡುವುದು, ಒಣಗಿತೋ ಇಲ್ಲವೋ ಎಂದು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ವ್ಯಾಪಾರದಲ್ಲಿ ಮೋಸವಿಲ್ಲ, ಮಾತಿನಲ್ಲಿ ಕೊಂಕಿಲ್ಲ, ಕೈಲಾಗದವರಿಗೆ ಕಾಯಿ ಸುಮ್ಮನೆ ಕೊಡುವ ಮನುಷ್ಯ. ಆದರೆ ತಾನು ಕೊಟ್ಟ ಕಾಯಿಯ ಚಟ್ನಿ ಅವರ ಮನೆಯಲ್ಲಿ ತನ್ನ ಮನೆಗಿಂತ ರುಚಿಯಾಗಿದೆ ಎಂದು ಗೊತ್ತಾದರೆ ತಡೆದುಕೊಳ್ಳುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ಮಳೆ ಬಿದ್ದರೆ ಹೊಟ್ಟೆಕಿಚ್ಚು ಪಡುವವರನ್ನು ನಾವೆಲ್ಲ ನೋಡಿದ್ದೇವೆ. ಪಕ್ಕದ ಮನೆಯವನಿಗೆ ಕೆಮ್ಮು ಬಂದು, ಅವನ ಹೆಂಡತಿ ಬಿಸಿಬಿಸಿ ಮೆಣಸಿನ ಸಾರು ಮಾಡಿಕೊಟ್ಟಳೆಂದು ಆ ಕೆಮ್ಮಿಗೂ ಹೊಟ್ಟೆಕಿಚ್ಚು ಪಟ್ಟವನು ನಂಜಪ್ಪನೊಬ್ಬನೇ.

ಈ ಉರಿಗೆ ಒಂದು ಮೂಲವುಂಟು. ಆ ಮೂಲ ಹೊಳೆನರಸೀಪುರದ ಹತ್ತಿರ, ಅವನ ಅತ್ತೆ ದೊಡ್ಡತಾಯಮ್ಮನ ಬಚ್ಚಲುಮನೆಯಲ್ಲಿತ್ತು. ಅಲ್ಲೊಂದು ತಾಮ್ರದ ಹಂಡೆ. ದೀಪಾವಳಿಯ ದಿನ ಆ ಹಂಡೆಯಲ್ಲಿ ಕಾದ ನೀರಿನ ಮೊದಲ ಚೊಂಬು ಮನೆಯ ಹಿರಿಯ ಅಳಿಯನ ತಲೆಯ ಮೇಲೆ ಬೀಳಬೇಕು ಎನ್ನುವುದು ಆ ಮನೆಯ ಪದ್ಧತಿ. ದೊಡ್ಡ ಮಗಳು ಸುವರ್ಣಮ್ಮನನ್ನು ಮದುವೆಯಾದ ನಂಜಪ್ಪನಿಗೆ ಕೆಲವು ವರ್ಷ ಈ ಗೌರವ ತಪ್ಪದೆ ಸಂದಿತು. ಆಮೇಲೆ ಚಿಕ್ಕ ಮಗಳು ಚಿಕ್ಕಲಕ್ಷ್ಮಮ್ಮನನ್ನು ಹಿರೀಸಾವೆಯ ಬೋರೇಗೌಡನಿಗೆ ಕೊಟ್ಟರು. ಆ ವರ್ಷದ ದೀಪಾವಳಿಗೆ, ಹೊಸ ಅಳಿಯ ಬೇಗ ಬಸ್ಸು ಹಿಡಿಯಬೇಕಂತೆ ಎಂದು ದೊಡ್ಡತಾಯಮ್ಮ ಮೊದಲ ನೀರನ್ನು ಅವನಿಗೆ ಹುಯ್ದುಬಿಟ್ಟಳು. ನಂಜಪ್ಪನ ಸರದಿ ಬರುವ ಹೊತ್ತಿಗೆ ಸೌದೆ ಆರಿ, ನೀರು ಉಗುರುಬೆಚ್ಚಗಾಗಿತ್ತು. ಅವತ್ತು ಬಚ್ಚಲಲ್ಲಿ ಕೂತು ಆ ನೀರಿಗೆ ಬೆರಳು ಅದ್ದಿದವನು ಆಮೇಲೆ ಬೆರಳು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ ಎನ್ನಬಹುದು.

ಬೋರೇಗೌಡ ತಪ್ಪು ಮಾಡಿದವನಲ್ಲ. ಸಂತೋಷವಾಗಿರುವುದೊಂದೇ ಅವನ ತಪ್ಪು. ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟಿದ್ದ. ಹೊಟ್ಟೆ ದುಂಡಗಿತ್ತು, ನಗು ಜೋರಾಗಿತ್ತು, ಕಾಫಿ ಸದಾ ಕುದಿಯುತ್ತಿತ್ತು. ಷಡ್ಡಕನಾದ ನಂಜಪ್ಪನನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದ. ಹೊಟ್ಟೆಕಿಚ್ಚು ಪಡುವವನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇದೆಯೇ?

ಹೀಗಿರುವಾಗ ಬಾಗೂರಿನ ಸಮುದಾಯ ಭವನದಲ್ಲಿ ಪ್ರಕೃತಿ ಚಿಕಿತ್ಸೆಯ ಶಿಬಿರ ಬಂತು.

ಶಿಬಿರ ನಡೆಸಲು ಬಂದವಳು ಸಂಘಮಿತ್ರಾ ಎನ್ನುವ ಡಾಕ್ಟರು. ಅರಕಲಗೂಡಿನ ಹುಡುಗಿ, ಇನ್ನೂ ಮೇಲಿನ ಓದು ಓದುತ್ತಿದ್ದಳು. ಎದೆಯ ಮೇಲೆ ಬಿಸಿನೀರಿನ ಬಟ್ಟೆ ಇಟ್ಟರೆ ಉಸಿರಾಟ ಹೇಗಾಗುತ್ತದೆ, ಹೃದಯ ಹೇಗೆ ಬಡಿಯುತ್ತದೆ, ತಣ್ಣೀರಿನ ಬಟ್ಟೆ ಇಟ್ಟರೆ ಹೇಗೆ ಎಂದು ಅಳೆದು ನೋಡುವುದು ಅವಳ ಅಧ್ಯಯನ. ಅದಕ್ಕೆ ಗಟ್ಟಿಮುಟ್ಟಾದ ಗಂಡಸರು ಬೇಕಾಗಿದ್ದರು. ಗಟ್ಟಿಮುಟ್ಟಾದವರು ಎಂಬ ಮಾತು ಕಿವಿಗೆ ಬಿದ್ದದ್ದೇ ನಂಜಪ್ಪ ಹೆಸರು ಕೊಟ್ಟ. ನಂಜಪ್ಪ ಕೊಟ್ಟನೆಂದು ಸುವರ್ಣಮ್ಮ ಫೋನಿನಲ್ಲಿ ತಂಗಿಗೆ ಹೇಳಿದಳು. ತಂಗಿ ಗಂಡನಿಗೆ ಹೇಳಿದಳು. ಬೋರೇಗೌಡ ಹೋಟೆಲನ್ನು ಮಗ ಮನುವಿನ ಕೈಗೆ ಕೊಟ್ಟು, "ಅಣ್ಣ ಒಬ್ನೇ ಯಾಕೆ ಮಲಗ್ಬೇಕು, ನಾನೂ ಪಕ್ಕದಾಗೆ ಮಲಗ್ತೀನಿ" ಎಂದು ಪ್ರೀತಿಯಿಂದ ಬೈಕ್ ಹತ್ತಿ ಬಂದುಬಿಟ್ಟ.

ಸಂಘಮಿತ್ರಾ ಎಲ್ಲರನ್ನೂ ಕೂರಿಸಿ ವಿವರಿಸಿದಳು. ಬಿಸಿಬಟ್ಟೆ ಇಟ್ಟಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ನಾಡಿ ಚುರುಕಾಗುತ್ತದೆ. ತಣ್ಣನೆಯ ಬಟ್ಟೆ ಇಟ್ಟಾಗ ಮೊದಲು ಉಸಿರು ಒಮ್ಮೆ ಹಿಡಿದಂತಾಗಿ, ಆಮೇಲೆ ಆಳವಾಗುತ್ತದೆ, ನಾಡಿ ಮೆಲ್ಲಗೆ ಇಳಿಯುತ್ತದೆ. ಹಾಗೆ ಆಗಬಹುದು ಎಂದು ಪುಸ್ತಕದಲ್ಲಿದೆ, ನಮ್ಮ ಊರಿನ ಎದೆಗಳಲ್ಲಿ ಎಷ್ಟರ ಮಟ್ಟಿಗೆ ಹಾಗಾಗುತ್ತದೆ ಎಂದು ನೋಡಬೇಕು ಎಂದಳು. ಯಾರಿಗೆ ಮೊದಲು ಬಿಸಿ, ಯಾರಿಗೆ ಮೊದಲು ತಣ್ಣನೆ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ, ಮುಂದಿನ ವಾರ ಅದಲುಬದಲು ಮಾಡುತ್ತೇವೆ ಎಂದೂ ಹೇಳಿದಳು. ಈ ಕೊನೆಯ ಮಾತು ನಂಜಪ್ಪನ ಕಿವಿಗೆ ಬೀಳಲಿಲ್ಲ. ಆಗ ಕಾಫಿ ಬಂದಿತ್ತು, ಅವನ ಬೆರಳು ಬೋರೇಗೌಡನ ಲೋಟದ ಕಡೆ ಪ್ರಯಾಣ ಮಾಡುತ್ತಿತ್ತು.

ಚೀಟಿ ಎತ್ತಿದರು. ಬೋರೇಗೌಡನಿಗೆ ಬಿಸಿ. ನಂಜಪ್ಪನಿಗೆ ತಣ್ಣನೆ.

ನಂಜಪ್ಪ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಏನವ್ವ ಇದು ತಣ್ಣೀರು ಅಂದ್ರೆ?" ಎಂದು ಕೇಳಿದ.

"ತಣ್ಣೀರಿನ ಬಟ್ಟೆ ನಂಜಪ್ಪನವರೇ. ಎದೆ ಮೇಲೆ ಹಾಕ್ತೀವಿ" ಎಂದಳು ಸಂಘಮಿತ್ರಾ.

ಭವನದಲ್ಲಿ ಯಾರೋ ಕಿಸಕ್ಕೆಂದರು. ನಮ್ಮ ಕಡೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗುವವನು ಯಾರು? ಅನ್ನಕ್ಕೆ ಗತಿಯಿಲ್ಲದೆ ಹೊಟ್ಟೆಯ ಉರಿ ತಡೆಯಲಾರದವನು. ನಂಜಪ್ಪನ ಕಿವಿ ಕೆಂಪಾಯಿತು. "ಅಟ್ಟದ ತುಂಬ ಕೊಬ್ರಿ ಬಿದ್ದೈತೆ ಕಣವ್ವ ನಮ್ಮನೇಲಿ! ತಣ್ಣೀರ್ ಬಟ್ಟೆ ಆಕ್ಕೊಳೋಕೆ ನಾನೇನು ಗತಿಗೆಟ್ಟೋನಾ? ಅವ್ನಿಗೆ ಬಿಸಿ, ನಂಗೆ ಇದು! ಹಿರೀ ಅಳಿಯ ನಾನು ಕಣವ್ವ!"

"ಇಲ್ಲಿ ಅಳಿಯ ಗಿಳಿಯ ಏನೂ ಇಲ್ಲ ನಂಜಪ್ಪನವರೇ. ಚೀಟೀಲಿ ಬಂದಿದ್ದು ಅಷ್ಟೆ."

"ಚೀಟಿ ಮಡ್ಸಿದ್ಯಾರು?"

"ನಾನೇ."

ನಂಜಪ್ಪ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಡಾಕ್ಟರನ್ನು ಅನುಮಾನಿಸುವುದು ಸರಿಯಲ್ಲ. ಆದರೆ ಆ ಹುಡುಗಿ ಅರಕಲಗೂಡಿಂದ ಬರುವಾಗ ದಾರಿಯಲ್ಲೆಲ್ಲಾದರೂ ಬೋರೇಗೌಡನ ಹೋಟೆಲಿನಲ್ಲಿ ಕಾಫಿ ಕುಡಿದಿರಬಹುದೇ ಎಂದು ಮನಸ್ಸಿನಲ್ಲೇ ದಾರಿಯನ್ನು ಅಳೆದ. ಅರಕಲಗೂಡಿಂದ ಬಾಗೂರಿಗೆ ಬರುವವರು ಹಿರೀಸಾವೆಗೆ ಹೋಗಬೇಕಾಗಿಲ್ಲ. ಆದರೂ ಅವನಿಗೆ ಸಮಾಧಾನವಾಗಲಿಲ್ಲ.

ಎರಡು ಮಂಚಗಳನ್ನು ಅಕ್ಕಪಕ್ಕ ಹಾಕಿದ್ದರು. ನಡುವೆ ಒಂದು ಸ್ಟೂಲಿನ ಮೇಲೆ ಬಿಸಿನೀರಿನ ಪಾತ್ರೆ, ಅದರಿಂದ ಹಬೆ ಏಳುತ್ತಿತ್ತು. ಸಂಘಮಿತ್ರಾಳ ಜೊತೆಗೆ ಬಂದಿದ್ದ ರಂಜಿತಾ ಎನ್ನುವ ನರ್ಸು ದಪ್ಪ ಟವೆಲಿನ ಎರಡು ತುದಿ ಹಿಡಿದು ನಡುವನ್ನು ಮಾತ್ರ ಆ ನೀರಿನಲ್ಲಿ ಅದ್ದಿ, ತಿರುಚಿ ಹಿಂಡಿ, ಸ್ವಲ್ಪ ಆರಿಸಿ, ತನ್ನ ಮಣಿಕಟ್ಟಿಗೆ ತಾಗಿಸಿ ಬಿಸಿ ಹದವಾಗಿದೆಯೇ ನೋಡಿ, ಬೋರೇಗೌಡನ ಎದೆಯ ಮೇಲೆ ಹರಡಿದಳು.

"ಆಹಾಹಾ" ಎಂದ ಬೋರೇಗೌಡ. "ಅಣ್ಣಾ, ಒಳ್ಳೆ ಅತ್ತೆ ಮನೆ ಅಬ್ಬದ ನೀರು ಉಯ್ದಂಗೈತೆ ಕಣಣ್ಣ!"

ಸಂತೋಷದ ಮನುಷ್ಯ ಯೋಚಿಸದೆ ಆಡಿದ ಮಾತು. ಆದರೆ ಅದು ನೇರವಾಗಿ ಹೋಗಿ ಹಳೆಯ ಹಂಡೆಗೆ ಬಡಿಯಿತು. ಅದೇ ಗಳಿಗೆಯಲ್ಲಿ ನಂಜಪ್ಪನ ಎದೆಯ ಮೇಲೆ ತಣ್ಣೀರಿನ ಬಟ್ಟೆ ಬಿತ್ತು. ಉಸಿರು ಹಕ್ಕೆಂದು ನಿಂತಿತು. ಆಮೇಲೆ ಇಳಿಯಬೇಕಾಗಿದ್ದ ನಾಡಿ, ಸಂತೆಗೆ ತಡವಾದ ಎತ್ತಿನ ಹಾಗೆ ಓಡತೊಡಗಿತು. ನಾಡಿ ಎಣಿಸಲು ಎಡಗೈ ಬೆರಳಿಗೆ ಸಿಕ್ಕಿಸಿದ್ದ ಸಣ್ಣ ಯಂತ್ರವನ್ನು ಸಂಘಮಿತ್ರಾ ಬಿಚ್ಚಿ ಮತ್ತೆ ಸಿಕ್ಕಿಸಿದಳು. ಯಂತ್ರ ಸರಿಯಾಗಿತ್ತು. ನಂಜಪ್ಪನ ಕಣ್ಣು ಪಕ್ಕದ ಮಂಚದ ಮೇಲಿನ ಹಬೆಯಲ್ಲಿತ್ತು.

ಮುಂದಿನ ವಾರ ಅದಲುಬದಲಾಯಿತು. ನಂಜಪ್ಪನಿಗೆ ಬಿಸಿಬಟ್ಟೆ, ಬೋರೇಗೌಡನಿಗೆ ತಣ್ಣೀರಿನದು. ಇದು ಮೊದಲೇ ಗೊತ್ತುಮಾಡಿದ ಏರ್ಪಾಡು ಎಂದು ತಿಳಿಯದ ನಂಜಪ್ಪ, ನ್ಯಾಯದೇವತೆ ಇನ್ನೂ ಬದುಕಿದ್ದಾಳೆ ಎಂದುಕೊಂಡ. ಮಂಚ ಹತ್ತುವಾಗಲೇ ಮಹಾರಾಜರ ಗತ್ತು. ಬಿಸಿಬಟ್ಟೆ ಎದೆಗೆ ಬಿತ್ತು. ಪಕ್ಕಕ್ಕೆ ತಿರುಗಿ ನೋಡಿದ. ಬೋರೇಗೌಡ ತಣ್ಣನೆಯ ಬಟ್ಟೆಯಡಿ ಒಮ್ಮೆ ನಡುಗಿದ. ಅಷ್ಟು ಸಾಕಾಯಿತು. ನಂಜಪ್ಪನ ಉಸಿರು ನೀಳವಾಯಿತು, ಏರಬೇಕಾಗಿದ್ದ ನಾಡಿ ಇಳಿಯಿತು. ಇಳಿಯಿತು, ಇನ್ನೂ ಇಳಿಯಿತು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆಯೂ ಕೇಳಿಸಿತು.

ಸಂಘಮಿತ್ರಾ ಎರಡು ವಾರದ ಅಳತೆಗಳನ್ನು ಎದುರಿಗಿಟ್ಟುಕೊಂಡು ತಲೆ ಕೆರೆದುಕೊಂಡಳು. ಶಿಬಿರಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ತಣ್ಣನೆಗೆ ನಾಡಿ ಇಳಿದಿತ್ತು, ಬಿಸಿಗೆ ಏರಿತ್ತು. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ತಲೆಕೆಳಗಾಗಿದ್ದ ಹೃದಯ ಇಡೀ ಬಾಗೂರಿನಲ್ಲಿ ಒಂದೇ.

"ಬೋರೇಗೌಡರದು ನೋಡಿ, ಪುಸ್ತಕದಲ್ಲಿ ಬರೆದ ಹಾಗೇ ಇದೆ. ಎಂಥಾ ಚೆಂದದ ಹೃದಯ!" ಎಂದು ಅವಳು ರಂಜಿತಾಳಿಗೆ ಹೇಳಿದ್ದು ನಂಜಪ್ಪನ ಕಿವಿಗೆ ಬಿತ್ತು. ಇನ್ನೂ ಬೆರಳಿಗೆ ಸಿಕ್ಕಿಸಿಕೊಂಡೇ ಇದ್ದ ಯಂತ್ರ ಆ ಕ್ಷಣ ಏನು ತೋರಿಸಿತೋ ಯಾರೂ ನೋಡಲಿಲ್ಲ. ನೋಡಿದ್ದರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು.

ಅವಳು ನಂಜಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ನಂಜಪ್ಪನವರೇ, ಹೆದರಬೇಡಿ. ನಿಮ್ಮ ನಾಡಿ ಯಾಕೋ ಬೇರೆ ಥರ ಇದೆ. ಶಿಬಿರ ಮುಗಿಯೋ ದಿನ ಇನ್ನೊಂದ್ಸಲ ನೋಡ್ತೀನಿ. ಆಗಲೂ ಹೀಗೇ ಇದ್ದರೆ ಹಾಸನಕ್ಕೆ ಹೋಗಿ ಹೃದಯದ ಡಾಕ್ಟರಿಗೆ ತೋರಿಸಬೇಕು. ಅಲ್ಲೀವರೆಗೆ ಕಾಫಿ ಬೇಡ."

ಹಾಸನ ಎಂದಾಗ ನಂಜಪ್ಪ ಅಲುಗಲಿಲ್ಲ. ಹೃದಯದ ಡಾಕ್ಟರು ಎಂದಾಗಲೂ ಅಲುಗಲಿಲ್ಲ. "ಕಾಫಿ ಬೇಡ" ಎಂದಾಗ ಕಂಬಕ್ಕೆ ಒರಗಿಕೊಂಡ.

"ಬ್ಯಾಡ ಅಂದ್ರೆ? ಒಂದೂ ಬ್ಯಾಡ್ವಾ?"

"ಒಂದೂ ಬೇಡ."

"ಅರ್ಧ ಲೋಟ?"

"ಅರ್ಧವೂ ಬೇಡ ನಂಜಪ್ಪನವರೇ."

"ಬೋರೇಗೌಡ ಕುಡೀಬೌದಾ?"

"ಅವರು ಎಷ್ಟು ಬೇಕಾದರೂ ಕುಡೀಲಿ. ಅವರ ಹೃದಯ ಸರಿಯಾಗಿದೆಯಲ್ಲ" ಎಂದಳು ಆ ಮುಗ್ಧ ಹುಡುಗಿ.

ಇನ್ನು ನಂಜಪ್ಪನ ವನವಾಸ. ಸುವರ್ಣಮ್ಮ ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿದಳು. ಬೆಳಗ್ಗೆ ಎದ್ದರೆ ಜೀರಿಗೆ ಕಷಾಯ, ಅದೂ ಉಗುರುಬೆಚ್ಚಗೆ. "ಬಿಸಿ ಮಾಡ್ಕೊಡೇ" ಎಂದರೆ, "ಎದೆಗೆ ಏನಾದ್ರೂ ಆದ್ರೆ? ಸುಮ್ಕೆ ಕುಡೀರಿ" ಎನ್ನುತ್ತಿದ್ದಳು. ಬಾಯಲ್ಲಿ ಗದರಿಸಿದರೂ, ಅವನು ನಿದ್ದೆಹೋದ ಮೇಲೆ ಎದೆ ಏರಿಳಿಯುವುದನ್ನು ನೋಡುತ್ತಾ ಕೂರುತ್ತಿದ್ದಳು. ಊರಿನ ಹೋಟೆಲಿನಲ್ಲಿ ನಂಜಪ್ಪ ಖಾಲಿ ಕೈಯಲ್ಲಿ ಕೂತು, ಅಕ್ಕಪಕ್ಕದ ಲೋಟಗಳನ್ನು ಬರೀ ಕಣ್ಣಿನಿಂದಲೇ ಮುಟ್ಟುತ್ತಿದ್ದ. ತನಗೇ ಲೋಟವಿಲ್ಲದ ಮೇಲೆ ಯಾವುದಕ್ಕೆ ಹೋಲಿಸಿ ನೋಡುವುದು? ಆಗ ಎಲ್ಲರದೂ ತನ್ನದಕ್ಕಿಂತ ಬಿಸಿಯೇ. ಹೊಟ್ಟೆಕಿಚ್ಚಿಗೆ ಇಷ್ಟು ವಿಸ್ತಾರವಾದ ಹೊಲ ಅವನಿಗೆ ಎಂದೂ ಸಿಕ್ಕಿರಲಿಲ್ಲ.

ನಿಜ ಹೇಳಿಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ನಂಜಪ್ಪನಿಗೆ ತನ್ನ ಎದೆ ಯಾಕೆ ಓಡಿತು ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ, "ಅವ್ವಾ, ನನ್ನೆದೆಗೆ ಏನೂ ಆಗಿಲ್ಲ, ಪಕ್ಕದೋನ ಮೇಲೆ ಒಟ್ಟೆಕಿಚ್ಚು" ಎಂದು ಊರೆಲ್ಲ ಸೇರಿದ ಭವನದಲ್ಲಿ, ಅದೂ ಬೋರೇಗೌಡನ ಎದುರಿಗೆ ಹೇಳುವುದು ಹೇಗೆ? ಒಂದು ಕಡೆ ಮಾನ, ಇನ್ನೊಂದು ಕಡೆ ಕಾಫಿ. ಹಿರಿಯ ಅಳಿಯತನವೋ ಬಿಸಿ ಲೋಟವೋ? ಇಂಥ ಧರ್ಮಸಂಕಟ ಹಸ್ತಿನಾವತಿಯಲ್ಲೂ ಬಂದಿರಲಾರದು. ಅಲ್ಲಿಯವರು ಕಾಫಿ ಕುಡಿಯುತ್ತಿರಲಿಲ್ಲ.

ಸಂಕಟ ಕಳೆಯಲು ಯಾರೂ ಕರೆಯದೆ ಬಂದವಳು ಅತ್ತೆ ದೊಡ್ಡತಾಯಮ್ಮ. ಅಳಿಯನ ಹೃದಯ ತಲೆಕೆಳಗಾಗಿದೆಯಂತೆ ಎಂಬ ಸುದ್ದಿ ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಹೃದಯ ಬಲಗಡೆಗೆ ಸರಿದಿದೆಯಂತೆ ಎಂದಾಗಿತ್ತು. ಮುದುಕಿ ಕೋಲೂರಿಕೊಂಡು ಬಸ್ಸು ಹತ್ತಿ ಬಂದಳು. ಶಿಬಿರದ ಕೊನೆಯ ದಿನ ನೇರವಾಗಿ ಭವನಕ್ಕೆ ಬಂದು, ಸಂಘಮಿತ್ರಾಳ ಪಕ್ಕದ ಕುರ್ಚಿಯಲ್ಲಿ ಕೂತಳು.

"ಯಾರ ಮಗಳವ್ವ ನೀನು?"

"ಅರಕಲಗೂಡು ಶಾಂತರಾಜು ಮೇಷ್ಟ್ರ ಮಗಳು ಅಜ್ಜಿ."

"ಒಳ್ಳೇದಾಗ್ಲಿ. ಏನಾಗೈತೆ ನಮ್ಮಳಿಯನ ಎದೇಗೆ?"

ಸಂಘಮಿತ್ರಾ ಮುದುಕಿಗೆ ತಿಳಿಯುವ ಹಾಗೆ ಎಲ್ಲವನ್ನೂ ಹೇಳಿದಳು. ತಣ್ಣನೆಯ ಬಟ್ಟೆಗೆ ನಾಡಿ ಓಡಿದ್ದು, ಬಿಸಿಬಟ್ಟೆಗೆ ಇಳಿದದ್ದು. ದೊಡ್ಡತಾಯಮ್ಮ ಎಲೆಯಡಿಕೆ ಜಗಿಯುತ್ತಾ ಕೇಳಿದಳು.

"ತಣ್ಣಂದು ಆಕ್ದಾಗ ಪಕ್ಕದಾಗೆ ಯಾರು ಮಲಗಿದ್ರು?"

"ಬೋರೇಗೌಡರು."

"ಅವ್ನಿಗೆ ಯಾವ್ದು ಆಕಿದ್ರಿ?"

"ಬಿಸಿ."

ದೊಡ್ಡತಾಯಮ್ಮನಿಗೆ ನಗು ಬಂದು ಎಲೆಯಡಿಕೆ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ಅವನ ಎದೇಗೆ ಏನೂ ಆಗಿಲ್ಲ ಕಣವ್ವ. ನೀನು ಬಟ್ಟೆ ಆಕಿದ್ ಜಾಗ ತಪ್ಪು. ಅವನ ಕಣ್ಣಿಗೆ ಕಟ್ಟು."

ಭವನವೆಲ್ಲ ಗೊಳ್ಳೆಂದಿತು. ನಂಜಪ್ಪ ಸೂರಿನ ಕಡೆ ನೋಡಿದ, ಅಲ್ಲಿ ಹಲ್ಲಿಯೊಂದಿತ್ತು. ಆ ಕ್ಷಣ ಅವನಿಗೆ ಹಲ್ಲಿಯ ಮೇಲೂ ಹೊಟ್ಟೆಕಿಚ್ಚಾಯಿತು. ಅದಕ್ಕೆ ಅತ್ತೆಯಿರಲಿಲ್ಲ.

"ಏನತ್ತೆ ನೀನು, ಮಂದಿ ಮುಂದೆ..." ಎಂದ.

"ಸುಮ್ಕಿರಪ್ಪ. ಆ ದೀಪಾವಳಿ ನೀರು ಇನ್ನೂ ನಿನ್ ತಲೆ ಮ್ಯಾಲಿಂದ ಇಳ್ದಿಲ್ಲ ಅಂತ ನಂಗೊತ್ತಿಲ್ವಾ?"

ಬೋರೇಗೌಡನಿಗೆ ಏನೂ ಅರ್ಥವಾಗಲಿಲ್ಲ. "ಯಾವ ನೀರು ಕಣತ್ತೆ?" ಎಂದು ಕೇಳಿದ. ಮೂವತ್ತು ವರ್ಷಗಳಿಂದ ಒಬ್ಬನು ನಿದ್ದೆಗೆಟ್ಟು ಹೊತ್ತ ಭಾರ ಇನ್ನೊಬ್ಬನ ನೆನಪಿನಲ್ಲೇ ಇಲ್ಲವೆಂದರೆ, ಹೊಟ್ಟೆಕಿಚ್ಚಿನ ಮನುಷ್ಯನಿಗೆ ಇದಕ್ಕಿಂತ ಅವಮಾನವಿದೆಯೇ?

ಸಂಘಮಿತ್ರಾ ಮಾತ್ರ ನಗಲಿಲ್ಲ. "ತಪ್ಪು ನಂದೇ ಅಜ್ಜಿ. ಮಂಚಗಳ ಮಧ್ಯೆ ಪರದೆ ಕಟ್ಟಬೇಕಿತ್ತು" ಎಂದಳು. ಭವನದಲ್ಲಿ ಪರದೆ ಇರಲಿಲ್ಲ. ಕೊನೆಗೆ ಅಜ್ಜಿ ಹೇಳಿದಂತೆಯೇ ಆಯಿತು. ಮೊದಲ ವಾರದ ಹಾಗೆಯೇ ಬೋರೇಗೌಡನಿಗೆ ಬಿಸಿಬಟ್ಟೆ, ನಂಜಪ್ಪನ ಎದೆಗೆ ತಣ್ಣನೆಯ ಬಟ್ಟೆ, ಕಣ್ಣಿಗೆ ಒಂದು ಒಣಬಟ್ಟೆ. ಬೋರೇಗೌಡನ ಬಾಯಿಗೂ ಏನಾದರೂ ಕಟ್ಟಬೇಕೆಂದು ಒಬ್ಬಿಬ್ಬರು ಸೂಚಿಸಿದರು. ಅವನು ತಾನಾಗಿಯೇ ಬಾಯಿ ಮುಚ್ಚಿಕೊಂಡಿರುವುದಾಗಿ ಒಪ್ಪಿಕೊಂಡ.

ಊರೆಲ್ಲ ಉಸಿರು ಬಿಗಿಹಿಡಿದು ಯಂತ್ರ ನೋಡಿತು. ಸುವರ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಂಡನ ಕಾಲ ಬಳಿ ನಿಂತಿದ್ದಳು. ಬಟ್ಟೆ ಬಿತ್ತು. ನಂಜಪ್ಪನ ಉಸಿರು ಹಕ್ಕೆಂದಿತು. ಮೆಲ್ಲಗೆ ಆಳವಾಯಿತು. ನಾಡಿ ಒಮ್ಮೆ ಏರಿ, ಯೋಚಿಸಿ, ಇಳಿಯತೊಡಗಿತು. ಪುಸ್ತಕದಲ್ಲಿ ಹೇಳಿದ ಹಾಗೇ ಇಳಿಯಿತು. ಸುವರ್ಣಮ್ಮನ ಕಣ್ಣಿಂದ ನೀರು ಇಳಿಯಿತು.

ನಡುವೆ ಒಂದೇ ಒಂದು ಸಲ, ಎಲ್ಲರೂ ಯಂತ್ರದ ಕಡೆ ಬಗ್ಗಿದ್ದಾಗ, ನಂಜಪ್ಪನ ನಾಡಿ ಥಟ್ಟನೆ ಮೇಲಕ್ಕೆ ನೆಗೆಯಿತು. ಉಸಿರು ಕಟ್ಟಿದಂತಾಯಿತು.

"ಏನಾಯ್ತು ನಂಜಪ್ಪನವರೇ?" ಎಂದು ಸಂಘಮಿತ್ರಾ ಗಾಬರಿಯಾದಳು.

"ಏನಿಲ್ಲ ಕಣವ್ವ," ಹಲ್ಲು ಕಚ್ಚಿಕೊಂಡು ಹೇಳಿದ ನಂಜಪ್ಪ, "ಚೆಂದಾಗೈತೆ. ತಂಪಾಗೈತೆ."

ಸ್ವಲ್ಪ ಹೊತ್ತಿಗೆ ನಾಡಿ ಮತ್ತೆ ಇಳಿಯಿತು. ಹೃದಯ ಸರಿಯಾಗಿದೆ, ಹಾಸನದ ದಾರಿ ಹಿಡಿಯಬೇಕಾಗಿಲ್ಲ, ಕಾಫಿ ಕುಡಿಯಬಹುದು ಎಂದು ಸಂಘಮಿತ್ರಾ ಸಾರಿದಳು. ಜನ ಚಪ್ಪಾಳೆ ತಟ್ಟಿದರು. ನಂಜಪ್ಪ ಮಂಚದಿಂದ ಇಳಿದವನು ಒಂದು ವಿಚಿತ್ರ ಮಾಡಿದ. ಯಾವ ತಣ್ಣೀರು ಬಟ್ಟೆಯನ್ನು ಗತಿಗೆಟ್ಟವರದು ಎಂದು ಬೈದಿದ್ದನೋ ಅದನ್ನೇ, "ಇದನ್ನ ಮನೆಗೆ ತಕ್ಕೊಂಡೋಗ್ಲಾ ಅವ್ವ?" ಎಂದು ಕೇಳಿ ಪಡೆದ. ಅದನ್ನು ಬಲಗೈಯ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು, ದಾರಿಯಲ್ಲಿ ಯಾರು ಮಾತಾಡಿಸಿದರೂ ಬಿಡದೆ ಮನೆಗೆ ನಡೆದ. ನೋಡಿದವರ ಎದೆ ತುಂಬಿ ಬಂತು.

ಅಲ್ಲಿಂದ ಎರಡು ದಿನಕ್ಕೆ, ಅತ್ತೆಯನ್ನು ಚಿಕ್ಕ ಮಗಳ ಮನೆಗೆ ಬಿಡುವ ನೆಪದಲ್ಲಿ ನಂಜಪ್ಪ ಸುವರ್ಣಮ್ಮನೊಂದಿಗೆ ಹಿರೀಸಾವೆಗೆ ಹೋದ. ಬೋರೇಗೌಡನ ಹೋಟೆಲು ತುಂಬಿತ್ತು. ಸುದ್ದಿ ತಿಳಿದ ಬಾಗೂರಿನವರು ಕೆಲವರು ಏನಾಗುತ್ತದೋ ನೋಡೋಣವೆಂದು ಮೊದಲೇ ಬಂದು ಕೂತಿದ್ದರು. ಪಾಪದ ಮನುಷ್ಯ ಬೋರೇಗೌಡ, ದೀಪಾವಳಿಯ ಕಥೆಯನ್ನು ಅತ್ತೆಯ ಬಾಯಿಂದ ಕೇಳಿದ ಮೇಲೆ ನಿದ್ದೆ ಮಾಡಿರಲಿಲ್ಲ. ಅವತ್ತು ತಾನೇ ಒಲೆಯ ಮುಂದೆ ನಿಂತು, ಮೊದಲ ಲೋಟವನ್ನು ಕುದಿಯುತ್ತಿದ್ದ ಹಾಗೆಯೇ ತಂದು ನಂಜಪ್ಪನ ಮುಂದೆ ಇಟ್ಟ.

"ಮೊದಲ್ನೇದು ನಿಂದೇ ಕಣಣ್ಣ. ಹಂಡೆ ಲೆಕ್ಕ ಇವತ್ತಿಗೆ ತೀರ್ತು" ಎಂದ.

ಆಮೇಲೆ ತನ್ನ ಲೋಟ ತಂದು ಪಕ್ಕದಲ್ಲೇ ಕೂತ. ಅದರಿಂದಲೂ ಹಬೆ ಏಳುತ್ತಿತ್ತು. ಇಡ್ಲಿಗೆ ಕೈ ಹಾಕಿದವರು ಕೈ ಹಾಕಿದ ಹಾಗೇ ನಿಂತರು. ಎಲ್ಲರ ಕಣ್ಣು ಆ ಬಲಗೈಯ ಮೇಲೆ.

ನಂಜಪ್ಪ ಎಡಗೈಯಲ್ಲಿ ಲೋಟ ಎತ್ತಿದ. ಊದಿದ. ಕುಡಿದ. ಬಲಗೈ ತೊಡೆಯ ಮೇಲೆ ಬೆಕ್ಕಿನಮರಿಯ ಹಾಗೆ ಮುದುಡಿ ಮಲಗಿತ್ತು. ಬೋರೇಗೌಡನ ಲೋಟದ ಕಡೆಗೆ ಅದು ಅಲುಗಲಿಲ್ಲ. ತನ್ನ ಲೋಟವನ್ನೂ ಅದು ಮುಟ್ಟಿ ನೋಡಲಿಲ್ಲ.

ಸುವರ್ಣಮ್ಮ ಕಣ್ಣೊರೆಸಿಕೊಂಡಳು. ದೊಡ್ಡತಾಯಮ್ಮ ದೇವರಿಗೆ ಕೈಮುಗಿದಳು. ಬೋರೇಗೌಡನಂತೂ ಬಿಕ್ಕಿದ. ಬಾಗೂರಿನಿಂದ ಬಂದವರಲ್ಲಿ ಚಿಕ್ಕಯ್ಯ ಎನ್ನುವವನು, ಮದುವೆ ಮನೆಗಳಲ್ಲಿ ಭಾಷಣ ಮಾಡಿ ಅಭ್ಯಾಸವಿದ್ದವನು, ಬೆಂಚಿನ ಮೇಲೆ ಎದ್ದು ನಿಂತ.

"ನೋಡ್ರಪ್ಪ, ನೋಡ್ರಿ! ತಣ್ಣೀರ್ ಬಟ್ಟೆ ಮಹಿಮೆ ಅಂದ್ರೆ ಇದು! ಎದೆ ಮ್ಯಾಲೆ ಆಕಿದ್ದು ಒಳಗಿನ ಕಿಚ್ಚನ್ನೇ ಆರಿಸ್ಬುಡ್ತು. ಲೋಕನೇ ಒಂದು ಕಡೆ ಆದ್ರೂ ನಮ್ ನಂಜಪ್ಪಣ್ಣ ಇನ್ಮೇಲೆ ಯಾರ್ ಲೋಟಾನೂ ಮುಟ್ಟಾಕಿಲ್ಲ. ಕಾಮ ಗೆದ್ದೋರು ಅವ್ರೆ, ಕ್ರೋಧ ಗೆದ್ದೋರು ಅವ್ರೆ, ಮತ್ಸರ ಗೆದ್ದೋರು ನಮ್ ತಾಲ್ಲೂಕಲ್ಲಿ ಇವನೊಬ್ನೇ! ನಂಜಪ್ಪಣ್ಣ, ನೀನೇ ಹೇಳಣ್ಣ, ಇಷ್ಟು ವರ್ಷದ ಬೆರಳು, ಹೆಂಗೆ ತಡೆದೆ? ಒಳಗೇನಾಯ್ತು?"

ಎಲ್ಲರೂ ಮುಂದಕ್ಕೆ ಬಗ್ಗಿದರು. ನಂಜಪ್ಪ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. ಬಲಗೈ ಮೇಲೆತ್ತಿ, ತೋರುಬೆರಳ ತುದಿಯನ್ನು ಬೆಳಕಿಗೆ ಹಿಡಿದ.

"ಅವತ್ತು ಕಣ್ಕಟ್ಟಿದ್ರಲ್ಲ, ಅವನ ನೀರು ಎಷ್ಟು ಬಿಸಿ ಐತೆ ಅಂತ ಪಾತ್ರೆಗೆ ಅದ್ಬುಟ್ಟೆ. ಬೊಬ್ಬೆ ಬಂದೈತೆ ಕಣ್ಲಾ, ಇನ್ನೂ ಆರಿಲ್ಲ."